ಹೊಟ್ಟಿ ಕೊಬ್ಬಿನ ಸ್ಟೆಮ್ ಸೆಲ್ ಮೊಣಕಾಲಿಗೆ ಹಾಕಿಸೂಕಿಂತ ಮೊದಲ ಇಷ್ಟು ಮಾಡ್ರಿ

ಮೊಣಕಾಲ ಬ್ಯಾನಿ ಇರೋರ ಫೋನಿಗೆ ಇತ್ತಿತ್ಲಾಗ ಒಂದ ನಮೂನಿ ವಿಡಿಯೋ ಭಾಳ ಬರಾಕತ್ತಾವ. ಹೊಟ್ಟಿ ಕೊಬ್ಬು ತಗೀತಾರ, ಅದ್ರಾಗಿನ ಸ್ಟೆಮ್ ಸೆಲ್ (ಬ್ಯಾರೆ ಬ್ಯಾರೆ ನಮೂನಿ ಸೆಲ್ ಆಗಬಲ್ಲ ಮೂಲ ಜೀವಕೋಶ) ಬ್ಯಾರೆ ಮಾಡ್ತಾರ, ಮೊಣಕಾಲಾಗ ಸೂಜಿ ಮಾಡ್ತಾರ, ಸವದ ಕೀಲು ಮತ್ತ ಹೊಸಾದು ಆಗ್ತೈತಿ, ಆಪರೇಶನ್ ಬ್ಯಾಡ ಅಂತ. ನಾನು ಹುಬ್ಬಳ್ಳ್ಯಾಗ ಫಿಸಿಯೋಥೆರಪಿ ಮಾಡಾಕಿ, ಗದಗ, ಹಾವೇರಿ, ಕುಂದಗೋಳ, ಬ್ಯಾಡಗಿ ಕಡಿಂದ ಮಂದಿ ಬರ್ತಾರ, ಎಕ್ಸ್‌ರೇ ತೋರಿಸೂಕಿಂತ ಮೊದಲ ಈ ವಿಡಿಯೋ ತೋರಿಸಿ "ಮೇಡಮ್ಮರ, ಇದು ಖರೇನ ಏನ್ರಿ, ನಮ್ಮ ಅವ್ವಗ ಮಾಡಸೂಣೇನು" ಅಂತ ಕೇಳ್ತಾರ. ಒಬ್ಬೊಬ್ಬರಿಗೆ ಕುಂತು ಹೇಳಾಕ ಅರ್ಧ ತಾಸು ಬೇಕು, ಅದಕ್ಕ ಎಲ್ಲಾ ಒಂದ ಕಡೆ ಬರೀತೇನಿ.

ಉತ್ತರ ಮೊದಲ ಹೇಳಿಬಿಡ್ತೇನಿ. ಕೊಬ್ಬಿನ್ಯಾಗ ಆ ಸೆಲ್ ಇರೂದು ಖರೆ, ಅದ್ರ ಮ್ಯಾಲೆ ದೊಡ್ಡ ದೊಡ್ಡ ಸಂಶೋಧನೆ ನಡದಿರೂದು ಖರೆ, ಕೆಲವು ಮಂದಿಗೆ ಬ್ಯಾನಿ ಕಡಿಮಿ ಆಗಿರೂದೂ ಖರೆ. ಸವದ ಕೀಲು ತಿರುಗಿ ಬೆಳೀತೈತಿ ಅನ್ನೂದು ಮಾತ್ರ ಸಾಬೀತಾಗಿಲ್ಲ, ಮತ್ತ ನಮ್ಮ ದೇಶದಾಗ ಟ್ರಯಲ್ (ಮಂದಿ ಮ್ಯಾಲೆ ನಿಯಮದ ಪ್ರಕಾರ ಮಾಡೂ ಪ್ರಯೋಗ) ಬಿಟ್ಟು ಇದನ್ನ ರೊಕ್ಕಕ್ಕ ಮಾರೂದಕ್ಕ ಐಸಿಎಂಆರ್, ಅಂದ್ರ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ, ಒಪ್ಪಿಲ್ಲ. ಇಷ್ಟು ತಿಳ್ಕೊಂಡ ಮ್ಯಾಲೂ ಮುಂದ ಹೋಗ್ಬೇಕು ಅನಿಸಿದ್ರ ಹೆಂಗ ಹೋಗ್ಬೇಕು, ಎಲ್ಲಿ ನಿಂದರಬೇಕು ಅನ್ನೂದು ಕೆಳಗ ಐತಿ.

ಮೊದಲ ಕಾಲಿಗೆ ಏನಾಗೇತಿ ಅಂತ ಗೊತ್ತು ಮಾಡ್ಕೋರಿ

ಮೊಣಕಾಲು ನೋಯೂದೆಲ್ಲಾ ಸವಕಳಿ ಅಲ್ಲ. ಮುಂಜಾನೆ ಎದ್ದಾಗ ಕೀಲು ಅರ್ಧ ತಾಸಿಗಿಂತ ಹೆಚ್ಚು ಬಿಗಿ ಇರ್ತೈತಿ, ಜೊತಿಗೆ ಕೈಬೆರಳ ಗಂಟೂ ಬಾತಿರ್ತಾವ ಅಂದ್ರ ಅದು ರುಮಟಾಯ್ಡ್ ಸಂಧಿವಾತ ಇರಬಹುದು, ಅದರ ಔಷಧನ ಬ್ಯಾರೆ. ಒಮ್ಮಿಂದೊಮ್ಮೆ ಕೆಂಪಾಗಿ ಬಿಸಿಯಾಗಿ ಬಾತ್ರ ಯೂರಿಕ್ ಆಸಿಡ್ ನೋಡಿಸ್ರಿ. ಚಿಕೂನ್‌ಗುನ್ಯಾ ಬಂದು ಹೋದ ಮ್ಯಾಲೆ ತಿಂಗಳಗಟ್ಟಲೆ ಕೀಲು ಹಿಡಿಯೂದು ನಮ್ಮ ಭಾಗದೋರಿಗೆ 2006ರಾಗಿಂದ ಗೊತ್ತಿದ್ದದ್ದ. ಇವು ಯಾವಕ್ಕೂ ಕೊಬ್ಬಿನ ಸೂಜಿ ಉತ್ತರ ಅಲ್ಲ, ಅದಕ್ಕ ಒಮ್ಮೆ ಆರ್ಥೋ ಡಾಕ್ಟರ್ ಹತ್ರ ಹೋಗಿ ಕೀಲು ಮುಟ್ಟಿಸಿ ನೋಡಿಸ್ಕೋರಿ, ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಗಲಿ, ಸತ್ತೂರ ಎಸ್‌ಡಿಎಂ ಆಗಲಿ, ಗದಗಿನೋರಿಗೆ ಜಿಮ್ಸ್ ಆಗಲಿ, ಎಲ್ಲಿ ಅನುಕೂಲೋ ಅಲ್ಲಿ.

ಎಕ್ಸ್‌ರೇ ತಗಸೂವಾಗ ಒಂದ ಮಾತು ಬಾಯಿಬಿಟ್ಟು ಹೇಳ್ರಿ, "ನಿಂತ ತಗೀರಿ" ಅಂತ. ಮಲಗಿಸಿ ತಗದ್ರ ಎರಡು ಎಲುಬಿನ ನಡುವಿನ ಸಂದಿ ಚಲೋ ಕಾಣ್ತೈತಿ, ಮೈಭಾರ ಬಿದ್ದಾಗ ಅಲ್ಲಿ ಏನಾಗ್ತೈತಿ ಅನ್ನೂದು ಗೊತ್ತಾಗೂದಿಲ್ಲ. ನಿಂತ ಎಕ್ಸ್‌ರೇ ನೋಡಿ ಡಾಕ್ಟರ್ ಗ್ರೇಡ್ ಹೇಳ್ತಾರ, 1957ರಾಗ ಕೆಲ್‌ಗ್ರೆನ್ ಮತ್ತ ಲಾರೆನ್ಸ್ ಅನ್ನೋರು ಮಾಡಿದ ಲೆಕ್ಕ ಇವತ್ತಿಗೂ ನಡೀತೈತಿ, ಸೊನ್ನಿಯಿಂದ 4ರ ತನಕ. 2 ಅಂದ್ರ ಎಲುಬಿನ ಅಂಚಿಗೆ ಮುಳ್ಳಿನಂಗ ಬೆಳದೈತಿ, ಸಂದಿ ಸ್ವಲ್ಪ ಕಡಿಮಿ ಆಗಿರಬಹುದು. 3ಕ್ಕ ಸಂದಿ ಖರೇನ ಕಡಿಮಿ ಆಗಿರ್ತೈತಿ. 4 ಅಂದ್ರ ಎಲುಬಿಗೆ ಎಲುಬು ಹತ್ತಿರ್ತೈತಿ. ಈ ನಂಬರ್ ಚೀಟ್ಯಾಗ ಬರಸ್ಕೋರಿ. ಸ್ಟೆಮ್ ಸೆಲ್ ಮ್ಯಾಲೆ ನಡದ ಟ್ರಯಲ್‌ಗಳು ಹೆಚ್ಚಾಗಿ 2 ಮತ್ತ 3ರ ಮಂದಿ ಮ್ಯಾಲೆ ನಡದಾವ, 4 ಇದ್ದೋರಿಗೆ "ನಿಮಗೂ ಆಗ್ತೈತಿ ಬರ್ರಿ" ಅಂತ ಯಾರರ ಕರದ್ರ ಅಲ್ಲೇ ನಿಂತು ವಿಚಾರ ಮಾಡ್ರಿ.

ಕೊಬ್ಬಿನ ಹೆಸರಿನ್ಯಾಗ ಮೂರು ಬ್ಯಾರೆ ಬ್ಯಾರೆ ಸಾಮಾನು ಅದಾವ

ಎಲ್ಲಾದಕ್ಕಿಂತ ಹೆಚ್ಚು ಗೊಂದಲ ಇಲ್ಲೇ ಇರೂದು, ಅದಕ್ಕ ಸ್ವಲ್ಪ ನಿಧಾನ ಓದ್ರಿ.

2001ರಾಗ ಅಮೆರಿಕಾದ ಲಾಸ್ ಏಂಜಲೀಸ್‌ನ್ಯಾಗ ಪ್ಯಾಟ್ರಿಶಿಯಾ ಝುಕ್ ಮತ್ತ ಅವರ ಜೋಡಿ ಕೆಲಸ ಮಾಡೋರು, ಲೈಪೋಸಕ್ಷನ್ ಮಾಡಿ (ನಳಿಗಿಲೆ ಹೀರಿ) ತಗದ ಕೊಬ್ಬಿನೊಳಗ ಎಲುಬು, ಕಾರ್ಟಿಲೇಜ್ (ಕೀಲಿನ ಮೆತ್ತನ್ನ ಹೊದಿಕಿ), ಸ್ನಾಯು ಹಿಂಗ ಬ್ಯಾರೆ ಬ್ಯಾರೆ ಆಗಬಲ್ಲ ಸೆಲ್ ಅದಾವ ಅಂತ ತೋರಿಸಿದ್ರು. ಅದಕ್ಕಿಂತ ಮೊದಲ ಇಂಥಾ ಸೆಲ್ ಬೇಕಂದ್ರ ಸೊಂಟದ ಎಲುಬಿಗೆ ಸೂಜಿ ಚುಚ್ಚಿ ಮಜ್ಜೆ ತಗೀತಿದ್ರು, ಅಲ್ಲಿ ಅವು ಭಾಳ ಕಡಿಮಿ. ಕೊಬ್ಬಿನ್ಯಾಗ ಅದೇ ನಮೂನಿ ಸೆಲ್ ಎಷ್ಟೋ ಪಟ್ಟು ಹೆಚ್ಚು ಸಿಗ್ತಾವ, ತಗಿಯೂದೂ ಸರಳ, ಅದಕ್ಕ ಎಲ್ಲಾರ ಕಣ್ಣು ಕೊಬ್ಬಿನ ಮ್ಯಾಲೆ ಬಿತ್ತು.

ಈಗ ಮೂರು ಸಾಮಾನಿನ ಮಾತಿಗೆ ಬರೂಣು. ಒಂದು, ಕೊಬ್ಬನ್ನ ತೊಳದು ಜಾಳಗಿಯಂಥಾದ್ರಾಗ ಹಾಯಿಸಿ ಸಣ್ಣ ಸಣ್ಣ ತುಣುಕು ಮಾಡಿ ಹಂಗ ಮೊಣಕಾಲಿಗೆ ಹಾಕೂದು, ಇದಕ್ಕ ಮೈಕ್ರೋಫ್ರಾಗ್ಮೆಂಟೆಡ್ ಫ್ಯಾಟ್ ಅಂತಾರ, ಸೆಲ್ ಬ್ಯಾರೆ ಮಾಡೂದ ಇಲ್ಲ. ಎರಡು, ಕೊಬ್ಬಿಗೆ ಕೊಲಾಜಿನೇಸ್ ಅನ್ನೋ ಎಂಜೈಮ್ ಹಾಕಿ ಕರಗಿಸಿ, ಸೆಂಟ್ರಿಫ್ಯೂಜ್ ಮಶೀನಿನ್ಯಾಗ ತಿರುಗಿಸಿ, ತಳದಾಗ ಕೂಡೂ ಗಸಿ ತಗಿಯೂದು. ಇದು ಎಸ್‌ವಿಎಫ್. ಈ ಗಸಿಯೊಳಗ ಸ್ಟೆಮ್ ಸೆಲ್ ಅಷ್ಟ ಇರೂದಿಲ್ಲ, ರಕ್ತದ ಸೆಲ್, ರಕ್ತನಾಳದ ಗ್ವಾಡಿ ಸೆಲ್, ರೋಗನಿರೋಧಕ ಸೆಲ್ ಎಲ್ಲಾ ಕೂಡಿರ್ತಾವ, ಸ್ಟೆಮ್ ಸೆಲ್ ಅದ್ರಾಗ ಸಣ್ಣ ಪಾಲು. ಮೂರು, ಆ ಗಸಿಯೊಳಗಿನ ಸೆಲ್ ಲ್ಯಾಬಿನ್ಯಾಗ ಡಬ್ಬಿಗೆ ಹಾಕಿ, ತಿಂದು ಬೆಳಿಯಾಕ ಬಿಟ್ಟು, ವಾರಗಟ್ಟಲೆ ಕಾದು, ಎಣಿಸಿ, ಕ್ರಿಮಿ ಐತೇನು ಅಂತ ಪರೀಕ್ಷೆ ಮಾಡಿ ಆಮ್ಯಾಲೆ ಸೂಜಿ ಮಾಡೂದು. ಇದು ಕಲ್ಚರ್ ಮಾಡಿದ ಸೆಲ್. 2006ರಾಗ ಸೆಲ್ ಚಿಕಿತ್ಸೆಯ ಅಂತರರಾಷ್ಟ್ರೀಯ ಸಂಸ್ಥೆಯೋರು ಯಾವುದನ್ನ ಈ ಜಾತಿ ಸ್ಟೆಮ್ ಸೆಲ್ ಅನ್ನಬೇಕು ಅಂತ ನಿಯಮ ಮಾಡಿದ್ರು, ಡಬ್ಬಿಗೆ ಅಂಟಿಕೊಂಡು ಬೆಳೀಬೇಕು, ಮೈಮ್ಯಾಲೆ ಇಂಥಿಂಥಾ ಗುರ್ತು ಇರ್ಬೇಕು, ಎಲುಬು ಕಾರ್ಟಿಲೇಜ್ ಕೊಬ್ಬು ಮೂರೂ ಆಗಿ ತೋರಿಸ್ಬೇಕು ಅಂತ. ಆ ಪರೀಕ್ಷೆ ಪೂರಾ ಆಗೂದು ಈ ಮೂರನೇ ಸಾಮಾನಿಗೆ.

ಇದು ಯಾಕ ಹೇಳಾಕತ್ತೇನಿ ಅಂದ್ರ, ಮುಂಜಾನೆ ಅಡ್ಮಿಟ್ ಸಂಜಿಗೆ ಡಿಸ್ಚಾರ್ಜ್ ಅಂತ ಹೇಳೋ ಕಡೆ ಮೂರನೇದು ಸಿಗಾಕ ಸಾಧ್ಯನ ಇಲ್ಲ, ಸೆಲ್ ಬೆಳಿಯಾಕ ಟೈಮ್ ಬೇಕು. ಅಲ್ಲಿ ಕೊಡೂದು ಒಂದನೇದು ಇಲ್ಲಾ ಎರಡನೇದು. ಆದ್ರ ಗ್ವಾಡಿಗೆ ಹಚ್ಚಿದ ಪೋಸ್ಟರಿನ್ಯಾಗ ತೋರಿಸೂ ಚಲೋ ರಿಸಲ್ಟ್ ಹೆಚ್ಚಾಗಿ ಮೂರನೇದರ ಟ್ರಯಲ್‌ದು ಇರ್ತೈತಿ. ಒಬ್ಬ ಹಿರಿಯರು ನನ್ನ ಹತ್ರ ಒಂದ ದವಾಖಾನಿ ಎಸ್ಟಿಮೇಟ್ ಹಾಳಿ ತಂದಿದ್ರು, ದವಾಖಾನಿ ಹೆಸರು ಬ್ಯಾಡ. ಅದ್ರಾಗ "ಸ್ಟೆಮ್ ಸೆಲ್ ಪ್ಯಾಕೇಜ್, ಎರಡೂ ಮೊಣಕಾಲು" ಅಂತ ಒಂದ ಸಾಲು, ಮುಂದ ಲಕ್ಷದ ಲೆಕ್ಕದಾಗ ಒಂದ ಮೊತ್ತ, ಕೆಳಗ "ಒಮ್ಮೆ ಕಟ್ಟಿದ ಹಣ ವಾಪಸ್ ಇಲ್ಲ" ಅಂತ ಸೀಲು. ಯಾವ ನಮೂನಿ ಸೆಲ್, ಎಂಜೈಮ್ ಹಾಕ್ತಾರೋ ಇಲ್ಲೋ, ಎಷ್ಟು ಸೆಲ್, ಯಾವ ಲ್ಯಾಬು, ಒಂದೂ ಇಲ್ಲ. ಮೂರು ಸಾಮಾನಿನ್ಯಾಗ ಯಾವುದು ಅಂತ ಬರದು ಕೊಡದ ಹಾಳಿಗೆ ಅಡ್ವಾನ್ಸ್ ಕೊಡಬ್ಯಾಡ್ರಿ, ಇದೊಂದು ಮಾತು ಗಟ್ಟಿ ಹಿಡೀರಿ.

ಒಳಗ ಹೋದ ಸೆಲ್ ಏನ್ ಮಾಡ್ತಾವ

ಕೀಲಿನ ಎಲುಬಿನ ತುದಿಗೆ ಮೆತ್ತನ್ನ ಜಾರೂ ಹೊದಿಕಿ ಇರ್ತೈತಿ, ಅದು ಕಾರ್ಟಿಲೇಜ್. ಅದಕ್ಕ ರಕ್ತನಾಳ ಇಲ್ಲ, ನರಾನೂ ಇಲ್ಲ, ಅದಕ್ಕ ಸವದ್ರ ತಾನ ಮಾಯೂದಿಲ್ಲ, ಸವಿಯೂದು ಸುರುವಿಗೆ ಗೊತ್ತೂ ಆಗೂದಿಲ್ಲ. ಬ್ಯಾನಿ ಬರೂದು ಕೆಳಗಿನ ಎಲುಬಿನಿಂದ, ಕೀಲಿನ ಒಳಪದರ ಬಾತಿರೂದರಿಂದ, ಸುತ್ತಲ ಸ್ನಾಯು ಸೋತಿರೂದರಿಂದ. ಮೊದಮೊದಲ ಎಲ್ಲಾರೂ ಅಂದ್ಕೊಂಡಿದ್ದು, ಸ್ಟೆಮ್ ಸೆಲ್ ಹೋಗಿ ಸವದ ಜಾಗಾದಾಗ ಕುಂತು ತಾನ ಕಾರ್ಟಿಲೇಜ್ ಆಗ್ತೈತಿ ಅಂತ. ಈಗ ಹೆಚ್ಚಿನ ಸಂಶೋಧಕರು ಹೇಳೂದು ಬ್ಯಾರೆ, ಹಾಕಿದ ಸೆಲ್ ಭಾಳ ದಿನ ಅಲ್ಲಿ ಉಳಿಯೂದಿಲ್ಲ, ಇರೂ ತನಕ ಕೆಲವು ರಾಸಾಯನಿಕ ಬಿಟ್ಟು ಒಳಗಿನ ಉರಿ ಬಾವು ತಗ್ಗಿಸ್ತಾವ. ಇಟ್ಟಂಗಿ ಇಡೂ ಗೌಂಡಿ ಅಲ್ಲ ಅವು, ನಿಂತು ಹೇಳೂ ಮೇಸ್ತ್ರಿ. ಹಂಗಾಗಿ ಬ್ಯಾನಿ ಕಡಿಮಿ ಆಗೂದು ಬುದ್ಧಿಗೆ ಒಪ್ಪೂ ಮಾತು, ಹೊಸಾ ಕೀಲು ಬೆಳಿಯೂದು ಬ್ಯಾರೆ ಮಾತು.

ಟ್ರಯಲ್‌ಗಳು ಇಲ್ಲೀ ತನಕ ಏನ್ ಹೇಳ್ಯಾವ

2014ರಾಗ ಕೊರಿಯಾದಾಗ 18 ಮಂದಿಗೆ ತಮ್ಮ ಕೊಬ್ಬಿನ ಕಲ್ಚರ್ ಸೆಲ್ ಹಾಕಿ ನೋಡಿದ್ರು, 1 ಕೋಟಿ, 5 ಕೋಟಿ, 10 ಕೋಟಿ ಹಿಂಗ ಬ್ಯಾರೆ ಬ್ಯಾರೆ ಡೋಸ್, 10 ಕೋಟಿ ಹಾಕಿದೋರಿಗೆ ಆರು ತಿಂಗಳಿಗೆ ಬ್ಯಾನಿ ಚಲೋ ತಗ್ಗಿತ್ತು. ಅಷ್ಟಕ್ಕ ಎಲ್ಲಾರಿಗೂ ಆಸೆ ಹುಟ್ಟಿತು, ಹುಟ್ಟೂದು ನ್ಯಾಯ. ಆಮ್ಯಾಲೆ ಅದೇ ದೇಶದಾಗ 261 ಮಂದಿ ಗ್ರೇಡ್ 3ರೋರ ಮ್ಯಾಲೆ ದೊಡ್ಡ ಟ್ರಯಲ್ ಆತು, ಅರ್ಧ ಮಂದಿಗೆ ಸೆಲ್, ಉಳದೋರಿಗೆ ಬರೇ ಸಲೈನ್, ಯಾರಿಗೆ ಯಾವುದು ಅಂತ ಅವರಿಗೆ ಗೊತ್ತಿಲ್ಲ. 2023ರಾಗ ರಿಸಲ್ಟ್ ಬಂತು, ಆರು ತಿಂಗಳಿಗೆ ಸೆಲ್ ಹಾಕಿಸ್ಕೊಂಡೋರಿಗೆ ಸಲೈನ್‌ದೋರಿಗಿಂತ ಬ್ಯಾನಿ ಜಾಸ್ತಿ ತಗ್ಗಿತ್ತು, ಎಂಆರ್‌ಐದಾಗ ನೋಡಿದ್ರ ಕಾರ್ಟಿಲೇಜಿನ್ಯಾಗ ಎರಡೂ ಗುಂಪಿಗೆ ಹೇಳ್ಕೊಳ್ಳುವಂಥಾ ಫರಕ್ ಇಲ್ಲ. ಸಲೈನ್ ಹಾಕಿಸ್ಕೊಂಡೋರಿಗೂ ಸ್ವಲ್ಪ ಆರಾಮ ಆಗಿತ್ತು ಅನ್ನೂದೂ ನೆನಪಿಡ್ರಿ, ಮೊಣಕಾಲಿಗೆ ಸೂಜಿ ಬಿತ್ತು ಅಂದ್ರ ಅದ್ರಾಗ ಏನರ ಇರಲಿ ಎಷ್ಟೋ ಮಂದಿಗೆ ಆರಾಮ ಅನಿಸ್ತೈತಿ, ಪಕ್ಕದ ಮನಿಯೋರಿಗೆ ಆರಾಮ ಆತು ಅನ್ನೂ ಮಾತಿಗೆ ಪೂರ್ತಿ ತೂಕ ಕೊಡಾಕ ಬರೂದಿಲ್ಲ ಅನ್ನೂದು ಇದಕ್ಕ.

ಎಸ್‌ವಿಎಫ್ ಕೊಡೂ ಕಡೆ ಹೋಗೋರು ಓದಲೇಬೇಕಾದ ಟ್ರಯಲ್ ಇನ್ನೊಂದು ಐತಿ. ಅಮೆರಿಕಾದಾಗ 480 ಮಂದೀನ ನಾಕು ಗುಂಪು ಮಾಡಿ, ಒಂದ ಗುಂಪಿಗೆ ಸ್ವಂತ ಮಜ್ಜೆ, ಒಂದಕ್ಕ ಸ್ವಂತ ಕೊಬ್ಬಿನ ಎಸ್‌ವಿಎಫ್, ಒಂದಕ್ಕ ಹೊಕ್ಕುಳ ಬಳ್ಳಿ ಸೆಲ್, ಇನ್ನೊಂದಕ್ಕ ನಮ್ಮೂರಾಗೂ ಸಿಗೂ ಸಾದಾ ಸ್ಟೀರಾಯ್ಡ್ ಸೂಜಿ ಕೊಟ್ರು. ವರ್ಷ ಆದ ಮ್ಯಾಲೆ ನೋಡಿದ್ರ ಮೂರು ಸೆಲ್ಲಿನ್ಯಾಗ ಒಂದೂ ಸ್ಟೀರಾಯ್ಡ್‌ಕಿಂತ ಮ್ಯಾಲೆ ಅನಿಸಲಿಲ್ಲ. ಇದೂ 2023ರಾಗ ನೇಚರ್ ಮೆಡಿಸಿನ್ ಅನ್ನೂ ವೈದ್ಯಕೀಯ ಪತ್ರಿಕ್ಯಾಗ ಬಂತು. 2025ರಾಗ ಕಾಕ್ರೇನ್ ಅನ್ನೂ, ಟ್ರಯಲ್‌ಗಳನ್ನ ಕೂಡಿಸಿ ತೂಗಿ ನೋಡೂ ಸಂಸ್ಥೆಯೋರು 8 ಟ್ರಯಲ್, 459 ಮಂದಿ ಲೆಕ್ಕ ಕೂಡಿಸಿ ನೋಡಿ, ಸುಳ್ಳು (ಸೆಲ್ ಇಲ್ಲದ) ಸೂಜಿಗೆ ಹೋಲಿಸಿದ್ರ ಬ್ಯಾನಿ, ಓಡಾಟ ಸ್ವಲ್ಪ ಸುಧಾರಿಸಬಹುದು, ಆದ್ರ ಪುರಾವೆ ಬಲ ಇಲ್ಲ ಅಂದ್ರು. ಅಮೆರಿಕಾದ ರುಮಟಾಲಜಿ ಕಾಲೇಜು 2019ರಾಗನ ಮೊಣಕಾಲ ಸವಕಳಿಗೆ ಸ್ಟೆಮ್ ಸೆಲ್ ಸೂಜಿ ಬ್ಯಾಡ ಅಂತ ಗಟ್ಟಿಯಾಗಿ ಹೇಳೇತಿ.

ನನ್ನ ಅಭಿಪ್ರಾಯ ಕೇಳಿದ್ರ, ಈ ವಿದ್ಯೆ ಮುಂದೊಂದಿನ ಕೆಲಸಕ್ಕ ಬರ್ತೈತಿ ಅಂತ ನನಗ ನಂಬಿಕಿ ಐತಿ, ಯಾವ ಸೆಲ್, ಎಷ್ಟು, ಯಾರಿಗೆ ಅನ್ನೂದು ಇನ್ನ ಕುದುರಬೇಕು. ಅದು ಕುದುರೂ ತನಕ ಹೊಲ ಅಡಾ ಇಟ್ಟು ಮಾಡಿಸೂ ಚಿಕಿತ್ಸೆ ಇದಲ್ಲ.

ಪರ್ಮಿಶನ್ ಐತೇನು ಅಂತ ನೀವ ಚೆಕ್ ಮಾಡಬಹುದು

ಐಸಿಎಂಆರ್ ಮತ್ತ ಡಿಬಿಟಿ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ) ಕೂಡಿ 2017ರಾಗ ಸ್ಟೆಮ್ ಸೆಲ್ ಮಾರ್ಗಸೂಚಿ ಮಾಡ್ಯಾರ. ರಕ್ತದ ಕ್ಯಾನ್ಸರ್ ಥರದ ಕಾಯಿಲಿಗೆ ಮಾಡೂ ಮಜ್ಜೆ ಕಸಿ ಬಿಟ್ರ ಉಳದ ಸ್ಟೆಮ್ ಸೆಲ್ ಬಳಕಿ ಎಲ್ಲಾ ಪ್ರಯೋಗ, ಅದನ್ನ ಟ್ರಯಲ್ ಒಳಗ ಮಾಡ್ಬೇಕು, ಪೇಶಂಟ್ ಕಡಿಂದ ರೊಕ್ಕ ತಗೋಬಾರದು ಅನ್ನೂದು ಅದ್ರ ಸಾರ. 2019ರ ಹೊಸ ಔಷಧ ಮತ್ತ ಕ್ಲಿನಿಕಲ್ ಟ್ರಯಲ್ ನಿಯಮದಾಗ ಸ್ಟೆಮ್ ಸೆಲ್ಲಿನಿಂದ ಮಾಡಿದ ಉತ್ಪನ್ನಾನ ಹೊಸ ಔಷಧ ಅಂತನ ಹಿಡದಾರ, ಅಂದ್ರ ಡಿಸಿಜಿಐ (ಕೇಂದ್ರದ ಔಷಧ ನಿಯಂತ್ರಕರು) ಒಪ್ಪಿಗಿ ಬೇಕು.

"ಹಂಗಾದ್ರ ಒಪ್ಪಿಗಿ ಸಿಕ್ಕೈತಂತಲ್ರಿ ಮೇಡಮ್ಮರ, ಪೇಪರಿನ್ಯಾಗ ಓದಿದ್ವಿ" ಅಂತ ಕೇಳ್ತಾರ. ಸಿಕ್ಕೈತಿ, ಆದ್ರ ಯಾವುದಕ್ಕ ಅಂತ ನೋಡ್ರಿ. 2022ರಾಗ ಡಿಸಿಜಿಐ ಒಪ್ಪಿದ್ದು ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಮಾಡಿದ ಸ್ಟೆಂಪ್ಯೂಸೆಲ್ ಅನ್ನೋದಕ್ಕ, ಅಂಗಡಿ ಹೆಸರು ಸ್ಟೆಮ್‌ಒನ್. ಅದು ಕೊಬ್ಬಿಂದಲ್ಲ, ಬ್ಯಾರೆಯೋರು ದಾನ ಕೊಟ್ಟ ಎಲುಬಿನ ಮಜ್ಜೆಯಿಂದ ಲ್ಯಾಬಿನ್ಯಾಗ ಬೆಳಸಿದ್ದು, ಒಂದ ಡೋಸಿಗೆ 2.5 ಕೋಟಿ ಸೆಲ್, ಗ್ರೇಡ್ 2 ಮತ್ತ 3ರ 146 ಮಂದಿ ಮ್ಯಾಲೆ ಮೂರನೇ ಹಂತದ ಟ್ರಯಲ್ ಆಗೇತಿ. ಆ ಒಪ್ಪಿಗಿ ಆ ಬಾಟ್ಲಿಗೆ ಅಷ್ಟ. ಅದೇ ಸುದ್ದಿ ಕಟಿಂಗ್ ತೋರಿಸಿ ನಿಮ್ಮ ಹೊಟ್ಟಿ ಕೊಬ್ಬಿನ ಗಸಿ ಹಾಕೂದಕ್ಕ ಒಪ್ಪಿಗಿ ಐತಿ ಅಂತ ಹೇಳಾಕ ಬರೂದಿಲ್ಲ.

ಟ್ರಯಲ್ ಅಂತ ಹೇಳಿದ್ರ ನಂಬರ್ ಕೇಳ್ರಿ. ಸಿಟಿಆರ್‌ಐ ಅಂತ ಸರ್ಕಾರದ ವೆಬ್‌ಸೈಟ್ ಐತಿ, ಸಿಟಿಆರ್‌ಐ ಡಾಟ್ ಎನ್‌ಐಸಿ ಡಾಟ್ ಇನ್, ದುಡ್ಡು ಕೊಡೂದಿಲ್ಲ, ಯಾರರ ನೋಡಬಹುದು. ಟ್ರಯಲ್ ಸರ್ಚ್ ಅನ್ನೂದ್ರಾಗ ಹೋಗಿ ಆ ನಂಬರ್ ಹಾಕ್ರಿ, ಇಲ್ಲಾ ಇಂಗ್ಲಿಷಿನ್ಯಾಗ knee osteoarthritis (ಮೊಣಕಾಲ ಸವಕಳಿ) ಮತ್ತ adipose (ಕೊಬ್ಬು) ಅಂತ ಹೊಡೀರಿ, ಮನ್ಯಾಗ ಕಾಲೇಜು ಕಲಿಯೂ ಹುಡುಗರು ಇದ್ರ ಐದು ನಿಮಿಷದ ಕೆಲಸ. ತೆರದ ಮ್ಯಾಲೆ ನೋಡೂದು ಏನಂದ್ರ, ನೀವು ಹೋಗೂ ದವಾಖಾನಿ ಹೆಸರು ಸೈಟ್ ಪಟ್ಟ್ಯಾಗ ಐತೋ ಇಲ್ಲೋ, ಎಥಿಕ್ಸ್ ಕಮಿಟಿ ಮುಂದ ಅಪ್ರೂವ್ಡ್ ಅಂತ ಐತೋ, ಡಿಸಿಜಿಐ ಮುಂದ ಏನ್ ಬರದಾರ, ಭರ್ತಿ ಇನ್ನ ನಡದೈತೋ ಮುಗದೈತೋ. ನಂಬರ್ ಇದ್ದ ಮಾತ್ರಕ್ಕ ಸರ್ಕಾರ ಶಿಫಾರಸು ಮಾಡೇತಿ ಅಂತ ಅಲ್ಲ, ಅದು ಬರೇ ನೋಂದಣಿ, ಅದಕ್ಕ ಒಳಗಿನ ಸಾಲು ಓದೂದು ಮುಖ್ಯ. ಖರೇ ಟ್ರಯಲ್ ಇದ್ರ ಸೆಲ್ಲಿಗೆ ನಿಮ್ಮ ಕಡಿಂದ ರೊಕ್ಕ ಕೇಳೂದಿಲ್ಲ, ಕನ್ನಡದಾಗ ಒಪ್ಪಿಗಿ ಪತ್ರ ಕೊಡ್ತಾರ, ಟ್ರಯಲ್‌ನಿಂದ ಏನರ ತ್ರಾಸ ಆದ್ರ ಚಿಕಿತ್ಸೆ, ಪರಿಹಾರ ಕೊಡೂ ಮಾತು ಅದ್ರಾಗ ಇರ್ತೈತಿ, ನಡುವ ಬಿಟ್ಟು ಬರಾಕೂ ನಿಮಗ ಹಕ್ಕು ಇರ್ತೈತಿ. "ಟ್ರಯಲ್ ಐತಿ, ಇಷ್ಟು ಲಕ್ಷ ಕಟ್ರಿ" ಅಂದ್ರ ಎದ್ದು ಬರ್ರಿ.

ದವಾಖಾನ್ಯಾಗ ಕುಂತು ಏನ್ ಕೇಳ್ಬೇಕು

ಒಬ್ಬರ ಹೋಗಬ್ಯಾಡ್ರಿ, ಮಗನೋ ಸೊಸಿಯೋ ಯಾರರ ಒಬ್ಬರು ಜೋಡಿ ಇರಲಿ, ಹಾಳಿ ಪೆನ್ನು ಇರಲಿ. ಮೂರು ಸಾಮಾನಿನ್ಯಾಗ ಯಾವುದು, ಕೊಬ್ಬು ಎಲ್ಲಿಂದ ಎಷ್ಟು ತಗೀತೀರಿ, ಎಂಜೈಮ್ ಹಾಕ್ತೀರೋ, ಹಾಕಿದ್ರ ಅದನ್ನ ಪೂರ್ತಿ ತೊಳದಿದ್ದು ಹೆಂಗ ಗೊತ್ತಾಗ್ತೈತಿ, ಸೂಜಿ ಅಲ್ಟ್ರಾಸೌಂಡ್ ನೋಡಿ ಮಾಡ್ತೀರೋ ಅಂದಾಜಿಗೋ, ನನ್ನ ಗ್ರೇಡಿನೋರಿಗೆ ನೀವು ಮಾಡಿದ್ದು ವರ್ಷದ ಮ್ಯಾಲೆ ಹೆಂಗ ಐತಿ, ಇನ್‌ಫೆಕ್ಷನ್ ಆದ್ರ ಯಾರು ನೋಡ್ತೀರಿ, ಆ ಖರ್ಚು ಯಾರದು. ಸೆಲ್ ಎಣಿಕಿ ಹೇಳಿದ್ರ ಒಂದ ಹೆಜ್ಜಿ ಮುಂದ ಹೋಗಿ, "ಇದು ಸ್ಟೆಮ್ ಸೆಲ್ ಎಣಿಕಿಯೋ, ಗಸಿಯೊಳಗಿನ ಎಲ್ಲಾ ಸೆಲ್ ಕೂಡಿದ ಎಣಿಕಿಯೋ" ಅಂತ ಕೇಳ್ರಿ. ಅದೇ ದಿನ ತಗದು ಅದೇ ದಿನ ಹಾಕೂ ಗಸಿಯೊಳಗ ಕೋಟಿಗಟ್ಟಲೆ ಎಣಿಕಿ ಬಂದ್ರೂ ಅದು ಎಲ್ಲಾ ಕೂಡಿದ್ದು, ಕೊರಿಯಾ ಟ್ರಯಲ್‌ನ 10 ಕೋಟಿಗೆ ಅದು ಸಮ ಅಲ್ಲ. ಒಳ್ಳೇ ಡಾಕ್ಟರಿಗೆ ಈ ಪ್ರಶ್ನೆ ಕೇಳಿದ್ರ ಸಿಟ್ಟು ಬರೂದಿಲ್ಲ, ಕುರ್ಚಿ ಎಳಕೊಂಡು ಕುಂತು ಹೇಳ್ತಾರ.

ಶುಗರ್ ಇದ್ರ, ರಕ್ತ ತೆಳ್ಳಗ ಮಾಡೂ ಗುಳಗಿ ತಗೋತಿದ್ರ ಮೊದಲ ಹೇಳ್ರಿ, ಕೊಬ್ಬು ತಗಿಯೂದೂ ಒಂದ ಸಣ್ಣ ಆಪರೇಶನ್ನ, ಆ ಜಾಗಾ ಕೆಲವು ದಿನ ಕಂದಿ ನೋಯ್ತೈತಿ. ಗುಳಗಿ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ, ಹಾರ್ಟ್ ಡಾಕ್ಟರನ್ನ ಕೇಳ್ರಿ.

ಇನ್ನೊಂದು ಮಾತು. ಅದೇ ಸೂಜಿ ಮೊಣಕಾಲಿಗೂ ಆಗ್ತೈತಿ, ಕಣ್ಣಿಗೂ ಆಗ್ತೈತಿ, ಶುಗರಿಗೂ ಆಗ್ತೈತಿ ಅನ್ನೂ ಕಡೆ ಹೋಗಲೇಬ್ಯಾಡ್ರಿ. ಅಮೆರಿಕಾದ ಫ್ಲೋರಿಡಾದಾಗ ಮೂರು ಮಂದಿ ಹೆಣ್ಣುಮಕ್ಕಳಿಗೆ ಅವರ ಕೊಬ್ಬಿನ ಸೆಲ್ ಕಣ್ಣಾಗ ಹಾಕಿ ದೃಷ್ಟಿ ಹೋತು, 2017ರಾಗ ಅದು ದೊಡ್ಡ ವೈದ್ಯಕೀಯ ಪತ್ರಿಕ್ಯಾಗ ಬಂತು. ಅವರೂ ಅದನ್ನ ಸಂಶೋಧನೆ ಅಂತ ನಂಬಿ ರೊಕ್ಕ ಕಟ್ಟಿದೋರ.

ಈ ಮೂರು ತಿಂಗಳ ಕೆಲಸ ಮೊದಲ ಮಾಡಿ ನೋಡ್ರಿ

ಗ್ರೇಡ್ 2, 3 ಇದ್ದೋರಿಗೆ ನಾನು ಕೈಮುಗದು ಕೇಳೂದು ಇದು. ತೊಡಿ ಮುಂದಿನ ಸ್ನಾಯು ಸೋತ್ರ ಮೊಣಕಾಲ ಭಾರ ಹೊರೋರು ಯಾರೂ ಇಲ್ಲ. ಟವೆಲ್ ಸುರುಳಿ ಮಾಡಿ ಮೊಣಕಾಲ ಕೆಳಗ ಇಡ್ರಿ, ಕಾಲು ಚಾಚಿ ಕುಂತು ಆ ಸುರುಳಿ ಕೆಳಗ ಒತ್ರಿ, ತೊಡಿ ಕಲ್ಲಿನಂಗ ಬಿಗಿ ಆಗ್ಬೇಕು, ಐದರಿಂದ ಹತ್ತು ಎಣಿಸೂ ತನಕ ಹಿಡದು ಬಿಡ್ರಿ, ಹತ್ತು ಸಲ. ಆಮ್ಯಾಲೆ ಮಲಗಿ, ಒಂದ ಕಾಲು ಮಡಚಿ, ಇನ್ನೊಂದನ್ನ ಮಂಡಿ ಬಾಗದಂಗ ಒಂದ ಗೇಣು ಎತ್ತಿ ಹಿಡೀರಿ, ನಿಧಾನ ಇಳಸ್ರಿ. ಎರಡು ವಾರ ಆದ ಮ್ಯಾಲೆ ಎತ್ತರದ ಕುರ್ಚಿಯಿಂದ ಕೈ ಊರದ ಎದ್ದು ಕುಂಡ್ರೂದು ಸೇರಸ್ರಿ. ದಿನಾ ಮಾಡ್ಬೇಕು, ಮಾಡಿದ ಮರುದಿನ ಬಾವು ಬಂದ್ರ ಸಂಖ್ಯೆ ಕಡಿಮಿ ಮಾಡ್ರಿ, ಬಿಡಬ್ಯಾಡ್ರಿ. ಉಣಕಲ್ ಕೆರಿ ಸುತ್ತ, ಸಾಧನಕೇರಿ ಕಡೆ ಸಮಾ ಜಾಗಾದಾಗ ಅಡ್ಡಾಡ್ರಿ, ನೃಪತುಂಗ ಬೆಟ್ಟ ಹತ್ತೂದು ಸದ್ಯಕ್ಕ ಬ್ಯಾಡ.

ತೂಕದ ಬಗ್ಗೆ ಹೇಳಿದ್ರ ಮಂದಿಗೆ ಬ್ಯಾಸರ ಆಗ್ತೈತಿ, ಆದ್ರ ಲೆಕ್ಕ ಹಂಗ ಐತಿ, 2005ರ ಒಂದ ಅಧ್ಯಯನದಾಗ ಒಂದ ಕಿಲೋ ಇಳದ್ರ ಪ್ರತಿ ಹೆಜ್ಜಿಗೆ ಮೊಣಕಾಲ ಮ್ಯಾಲಿನ ಭಾರ ನಾಕು ಕಿಲೋ ಕಡಿಮಿ ಆಗೂದು ಕಂಡೈತಿ. ಐದು ಕಿಲೋ ಇಳಸಿದ್ರ ಇಪ್ಪತ್ತು ಕಿಲೋ ಚೀಲ ಪ್ರತಿ ಹೆಜ್ಜಿಗೆ ಇಳಸಿದಂಗಾತು. ಜ್ವಾಳದ ರೊಟ್ಟಿ ಬಿಡೂದು ಬ್ಯಾಡ, ಅದ್ರ ಜೋಡಿ ಅನ್ನದ ಗುಡ್ಡಿ, ಸಂಜಿ ಮಿರ್ಚಿ ಬಜಿ, ಚಾದಾಗಿನ ಸಕ್ಕರಿ, ಅಲ್ಲಿ ಕೈ ಹಿಡೀರಿ.

ಬ್ಯಾಡಗಿ ಕಡಿಂದ ಒಬ್ಬ ಅವ್ವ ಬರ್ತಾರ, ಮೆಣಸಿನಕಾಯಿ ತೊಟ್ಟು ಬಿಡಿಸೂ ಕೆಲಸ, ಸೀಜನ್ನಿನ್ಯಾಗ ದಿನಾಪೂರ್ತಿ ನೆಲದ ಮ್ಯಾಲೆ ಕುಕ್ಕರಗಾಲಿಲೆ ಕುಂತಿರ್ತಾರ. ಎಕ್ಸ್‌ರೇದಾಗ ಗ್ರೇಡ್ 2 ಅಷ್ಟ, ಬ್ಯಾನಿ ಮಾತ್ರ ಹೇಳಾಕ ಬರೂದಿಲ್ಲ, ಬಲಗಾಲ ತೊಡಿ ಎಡಗಾಲಿಗಿಂತ ಕಣ್ಣಿಗೆ ಕಾಣುವಷ್ಟು ಸಣ್ಣಾಗಿತ್ತು. ಮಗ ಸ್ಟೆಮ್ ಸೆಲ್ಲಿಗೆ ಸಾಲ ಮಾಡಾಕ ತಯಾರಾಗಿದ್ದ. ಅವರಿಗೆ ಮೊದಲ ಮಾಡಿಸಿದ್ದು ಕುಂಡ್ರೂ ಜಾಗಾ ಬದಲಿ, ಎತ್ತರದ ಸ್ಟೂಲು, ಮುಂದ ಇನ್ನೊಂದು ಸ್ಟೂಲಿನ ಮ್ಯಾಲೆ ಮೆಣಸಿನಕಾಯಿ ಬುಟ್ಟಿ, ತಾಸಿಗೊಮ್ಮೆ ಎದ್ದು ನಾಕು ಹೆಜ್ಜಿ. ಜೋಡಿ ತೊಡಿ ವ್ಯಾಯಾಮ. ಮೆಟ್ಟಿಲ ಹತ್ತೂವಾಗ ಕಟಾಂಜನ ಹಿಡಿಯೂದು ಬಿಟ್ಟಾರ ಈಗ, ನೋವು ಪೂರಾ ಹೋಗಿಲ್ಲ, ಕೆಲಸಕ್ಕ ಹೋಗ್ತಾರ. ರೊಟ್ಟಿ ಬಡಿಯೂದೂ ಹಂಗ, ನೆಲದ ಮ್ಯಾಲಿನ ಒಲಿಯಿಂದ ಕಟ್ಟಿ ಮ್ಯಾಲೆ ತನ್ರಿ, ಸಂಡಾಸಕ್ಕ ಕಮೋಡ್ ಸ್ಟೂಲ್ ಇಡ್ರಿ. ಕೋಲು ಹಿಡೀಬೇಕಾದ್ರ ನೋಯೂ ಕಾಲಿನ ಎದುರು ಕೈಯಾಗ ಹಿಡೀರಿ, ಭಾಳ ಮಂದಿ ಅದೇ ಬದಿಗೆ ಹಿಡೀತಾರ.

ಬ್ಯಾನಿ ಹೆಚ್ಚಿದ್ದಾಗ ಡೈಕ್ಲೋಫಿನಾಕ್ ಮುಲಾಮು ಮೊದಲ ಹಚ್ರಿ, ಗುಳಗಿಗಿಂತ ಹೊಟ್ಟಿಗೆ, ಕಿಡ್ನಿಗೆ ತ್ರಾಸ ಕಡಿಮಿ. ಔಷಧ ಅಂಗಡ್ಯಾಗ ಕೇಳಿ ತಿಂಗಳಗಟ್ಟಲೆ ನೋವಿನ ಗುಳಗಿ ನುಂಗೂದು ಮಾತ್ರ ನಿಲ್ಲಸ್ರಿ. ಸ್ಟೀರಾಯ್ಡ್ ಸೂಜಿ ಕೆಲವು ವಾರ ಆರಾಮ ಕೊಡ್ತೈತಿ, ಆದ್ರ ಎರಡು ವರ್ಷ ಪ್ರತಿ ಮೂರು ತಿಂಗಳಿಗೆ ಹಾಕಿಸಿದೋರಿಗೆ ಕಾರ್ಟಿಲೇಜ್ ಹೆಚ್ಚು ಸವದಿದ್ದು 2017ರ ಟ್ರಯಲ್‌ನ್ಯಾಗ ಕಂಡೈತಿ. ಪಿಆರ್‌ಪಿ ಅಂತ ರಕ್ತದಿಂದ ಮಾಡೂ ಸೂಜಿ, 2021ರಾಗ 288 ಮಂದಿ ಟ್ರಯಲ್‌ನ್ಯಾಗ ಸಲೈನಿಗಿಂತ ಮ್ಯಾಲೆ ಅಂತ ಕಾಣಲಿಲ್ಲ.

ಗ್ರೇಡ್ 4 ಇದ್ದು, ಕಾಲು ಬಿಲ್ಲಿನಂಗ ಬಾಗಿ, ರಾತ್ರಿ ನಿದ್ದಿ ಇಲ್ಲ ಅನ್ನೋರು ಈ ಸೂಜಿಗೆ ಹಾಕೂ ರೊಕ್ಕ ಉಳಿಸ್ಕೊಂಡು ಮಂಡಿ ಬದಲಿ ಆಪರೇಶನ್ ಬಗ್ಗೆ ಮಾತಾಡ್ರಿ. ಅದಕ್ಕ ಹೆದರ್ತಾರ ಮಂದಿ, ಆದ್ರ 2019ರಾಗ ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕ್ಯಾಗ ಬಂದ ಲೆಕ್ಕದಾಗ ಪೂರ್ತಿ ಮಂಡಿ ಬದಲಿ ಮಾಡಿಸಿದ್ರಾಗ 100ಕ್ಕ 82 ಕೀಲು 25 ವರ್ಷ ಬಾಳ್ಯಾವ. 2017ರಾಗ ಕೇಂದ್ರ ಸರ್ಕಾರ ಈ ಆಪರೇಶನ್ನಿನ್ಯಾಗ ಹಾಕೂ ಕೃತಕ ಕೀಲಿನ ರೇಟಿಗೆ ಮಿತಿ ಹಾಕಿತು, ಹೆಚ್ಚಾಗಿ ಹಾಕೂ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ತೆರಿಗಿ ಬಿಟ್ಟು 54,720 ರೂಪಾಯಿ ಆತು. ಬಿಪಿಎಲ್ ಕಾರ್ಡ್ ಇದ್ದೋರು ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಕೌಂಟರಿನ್ಯಾಗ ಕೇಳಿ, ಸರ್ಕಾರಿ ದವಾಖಾನಿ ರೆಫರಲ್ ಬೇಕೇನು ಅಂತ ಮೊದಲ ವಿಚಾರಿಸ್ಕೋರಿ.

ಹಾಕಿಸಿಬಿಟ್ಟಿದ್ರ ಮುಂದೇನು

ಈಗಾಗಲೇ ಹಾಕಿಸ್ಕೊಂಡೋರೂ ಇದನ್ನ ಓದ್ತಿರಬಹುದು, ಗಾಬರಿ ಆಗಬ್ಯಾಡ್ರಿ, ಹೆಚ್ಚಿನ ಟ್ರಯಲ್‌ನ್ಯಾಗ ಕಂಡದ್ದು ಕೆಲವು ದಿನದ ನೋವು, ಬಾವು ಅಷ್ಟ. ಬಿಲ್ಲು, ಒಪ್ಪಿಗಿ ಪತ್ರದ ಕಾಪಿ, ಯಾವ ಸೆಲ್ ಹಾಕಿದ್ರು ಅನ್ನೂ ಚೀಟಿ ಎಲ್ಲಾ ಒಂದ ಫೈಲಿನ್ಯಾಗ ಇಡ್ರಿ, ಕೊಟ್ಟಿರದಿದ್ರ ಹೋಗಿ ಬರವಣಿಗಿ ಕೊಟ್ಟು ಕೇಳ್ರಿ, ನಿಮ್ಮ ದಾಖಲೆ ಕೇಳೂದು ನಿಮ್ಮ ಹಕ್ಕು. ಸುಳ್ಳು ಭರವಸೆ ಕೊಟ್ಟು ರೊಕ್ಕ ತಗೊಂಡಾರ ಅನಿಸಿದ್ರ ಖಾಸಗಿ ದವಾಖಾನಿಗಳ ಕೆಪಿಎಂಇ ಕಾಯ್ದೆ ಕೆಳಗ ಡಿಸಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕ, ಡಾಕ್ಟರ್ ಮ್ಯಾಲೆ ಆದ್ರ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ರೊಕ್ಕದ ಪರಿಹಾರಕ್ಕ ಜಿಲ್ಲಾ ಗ್ರಾಹಕರ ಆಯೋಗಕ್ಕ ಅರ್ಜಿ ಹಾಕಬಹುದು, ಮೂರೂ ಕಡೆ ಆ ಫೈಲ್ ಬೇಕ ಬೇಕು.

ಸೂಜಿ ಆದ ಮ್ಯಾಲೆ ಮೊಣಕಾಲು ದಿನದಿನಕ್ಕ ಹೆಚ್ಚು ಬಾತು, ಮುಟ್ಟಿದ್ರ ಬಿಸಿ ಹತ್ತಿ, ಚಳಿ ಜ್ವರ ಬಂದು, ಕಾಲು ಊರಾಕ ಆಗದಂಗ ಆದ್ರ ಅದು ಕೀಲಿನೊಳಗಿನ ಇನ್‌ಫೆಕ್ಷನ್ ಇರಬಹುದು, ಮಾಲೀಸು ಮಾಡಬ್ಯಾಡ್ರಿ, ಬಿಸಿ ಶಾಖ ಕೊಡಬ್ಯಾಡ್ರಿ, ಮುಂಜಾನೆ ತನಕ ನೋಡೂಣು ಅನಬ್ಯಾಡ್ರಿ, ಆ ರಾತ್ರೀನ ದೊಡ್ಡ ದವಾಖಾನಿ ಎಮರ್ಜೆನ್ಸಿಗೆ ಹೋಗ್ರಿ. ಮೀನಖಂಡ ಬಾತು ನೋಯಾಕತ್ತಿದ್ರ, ಉಸಿರಿಗೆ ತ್ರಾಸ ಆದ್ರ ಅದೂ ಅಷ್ಟ ಅರ್ಜೆಂಟ್. ಹೋದ ಕೂಡ್ಲೆ ಡ್ಯೂಟಿ ಡಾಕ್ಟರಿಗೆ ಮೊದಲನೇ ಮಾತು ಇದ ಇರಲಿ: ಇಂಥಾ ದಿನ, ಈ ಕಾಲಿಗೆ, ಕೊಬ್ಬಿನ ಸೆಲ್ ಸೂಜಿ ಆಗೇತಿ.